ಓವರ್‌ಫ್ಲೋ ಪೈಪಿನ ಸದ್ದು: ಮೂಲ ಹುಡುಕುವುದು, ನಿಲ್ಲಿಸುವುದು

ಮುಂಬಯಿಯ ವನ್ ರೂಮ್ ಕಿಚನ್ ಮನೆಯಲ್ಲಿ ಮೀನಿನ ತೊಟ್ಟಿಗೆ ಬೇರೆ ಕೋಣೆ ಎಲ್ಲಿಂದ ಬರಬೇಕು? ಅದು ಹಾಲ್‌ನಲ್ಲೇ ಇರುತ್ತದೆ, ರಾತ್ರಿ ಹಾಸಿಗೆ ಬೀಳುವುದೂ ಅದೇ ಹಾಲ್‌ನಲ್ಲಿ. ಹಗಲೆಲ್ಲ ಟಿವಿ, ಬೀದಿಯ ಗದ್ದಲ, ಅಡುಗೆಮನೆಯ ಮಿಕ್ಸರುಗಳ ನಡುವೆ ಅಡಗಿದ್ದ ಗೊಳಗೊಳ ಸದ್ದು ಹನ್ನೊಂದು ಗಂಟೆಯ ಮೇಲೆ ಕಿವಿಯ ಬುಡಕ್ಕೇ ಬರುತ್ತದೆ. ಆಗ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ: ಪಂಪಿನ ಸ್ವಿಚ್ ಆರಿಸಿ ಮಲಗುವುದು. ಆ ಸ್ವಿಚ್ಚಿನ ಮೇಲಿನ ಕೈ ತೆಗೆಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಪಂಪ್ ನಿಂತರೆ, ತೊಟ್ಟಿಯ ಕೆಳಗೆ ಕ್ಯಾಬಿನೆಟ್ಟಿನಲ್ಲಿ ಇಟ್ಟ, ನೀರು ಶುದ್ಧವಾಗುವ ಎರಡನೆಯ ತೊಟ್ಟಿಯಾದ ಸಂಪ್‌ನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಹೊಸ ಆಮ್ಲಜನಕ ಸಿಗುವುದು ನಿಲ್ಲುತ್ತದೆ. ಮೀನುಗಳು ಹೊರಹಾಕುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಕೆಲಸ ಅವುಗಳದ್ದು. ಏಳೆಂಟು ಗಂಟೆ ನಿಂತ ಸಂಪ್‌ನ ನೀರನ್ನು ಬೆಳಿಗ್ಗೆ ಒಮ್ಮೆಲೇ ಮೇಲಕ್ಕೆ ತಳ್ಳಿದರೆ ಮೀನುಗಳಿಗೆ ಸಿಗುವುದು ಉಸಿರು ಕಳೆದುಕೊಂಡ ನೀರು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಅಪಾಯ ಇನ್ನೂ ಹೆಚ್ಚು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಇದ್ದ ಅಷ್ಟನ್ನೂ ರಾತ್ರಿ ಕಳೆಯಬಾರದು. ಸದ್ದನ್ನು ನಿಲ್ಲಿಸಲು ಪಂಪನ್ನು ನಿಲ್ಲಿಸಬೇಕಾಗಿಲ್ಲ.

ಇಲ್ಲಿ ಹೇಳುವುದು ತಳದಲ್ಲಿ ತೂತು ಕೊರೆದು, ಮೂಲೆಯಲ್ಲಿ ಓವರ್‌ಫ್ಲೋ ಪೆಟ್ಟಿಗೆ ಕೂರಿಸಿ, ಕೆಳಗೆ ಸಂಪ್ ಇಟ್ಟ ತೊಟ್ಟಿಗಳ ವಿಷಯ. ಅಂಗಡಿಯವರು ಉಡುಪಿ ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಕೂರಿಸುವ ತೊಟ್ಟಿಗೂ ಮನೆಗೆ ಕೊಡುವ ತೊಟ್ಟಿಗೂ ಸಾಮಾನ್ಯವಾಗಿ ಒಂದೇ ಜೋಡಣೆ ಮಾಡುತ್ತಾರೆ. ಹೋಟೆಲಿನಲ್ಲಿ ಲೋಟ ತಟ್ಟೆಗಳ ಸಪ್ಪಳದ ನಡುವೆ ಆ ಸದ್ದು ಯಾರಿಗೂ ಕೇಳಿಸದು. ಮನೆಗೆ ಬಂದಾಗಲೇ ಅದರ ಕೊರತೆ ಬಯಲಾಗುವುದು.

ಸದ್ದು ಮಾಡುವುದು ಗಾಳಿ

ವ್ಯವಸ್ಥೆ ಸರಳ. ಪಂಪ್ ಸಂಪ್‌ನಿಂದ ನೀರನ್ನು ಮೇಲೆತ್ತುತ್ತದೆ. ತೊಟ್ಟಿಯ ನೀರು ಪೆಟ್ಟಿಗೆಯ ಅಂಚಿನ ಹಲ್ಲುಗಳ ನಡುವಿನಿಂದ ಉಕ್ಕಿ ಒಳಗೆ ಬೀಳುತ್ತದೆ, ಪೆಟ್ಟಿಗೆಯಲ್ಲಿ ನಿಂತಿರುವ ಪೈಪಿನ ಬಾಯಿಗೆ ಇಳಿದು ಮತ್ತೆ ಸಂಪ್ ಸೇರುತ್ತದೆ. ಮೇಲೇರುವ ನೀರನ್ನು ಪಂಪ್ ತಳ್ಳುತ್ತದೆ, ಇಳಿಯುವ ನೀರಿಗೆ ಭೂಮಿಯ ಸೆಳೆತ ಬಿಟ್ಟರೆ ಬೇರೇನೂ ಇಲ್ಲ.

ಪೈಪ್ ತುಂಬ ನೀರೇ ಇದ್ದು ಒಂದು ಗುಳ್ಳೆಯೂ ಒಳಹೊಗದಿದ್ದರೆ ಸದ್ದಿಲ್ಲ. ನೀರು ಪೈಪಿನ ಗೋಡೆಗಂಟಿ ತೆಳ್ಳಗೆ ಇಳಿಯುತ್ತಾ, ನಡುವಿನ ಜಾಗವನ್ನು ಗಾಳಿಗೆ ಧಾರಾಳವಾಗಿ ಬಿಟ್ಟಿದ್ದರೂ ಸದ್ದಿಲ್ಲ. ತೊಂದರೆಯೆಲ್ಲ ಇವೆರಡರ ನಡುವಿನದು. ಬಾಯಿ ಕಿರಿದಾದ ಕೂಜವನ್ನು ನೀರು ತುಂಬಿ ಒಮ್ಮೆಲೇ ಬೋರಲು ಹಾಕಿದರೆ ಗುಳುಗುಳು ಎನ್ನುವುದು ಏಕೆ? ಹೊರಬರುವ ನೀರಿಗೂ ಒಳಹೋಗುವ ಗಾಳಿಗೂ ಅದೇ ಒಂದು ಕುತ್ತಿಗೆ. ಓವರ್‌ಫ್ಲೋ ಪೈಪಿನಲ್ಲೂ ನಡೆಯುವುದು ಅದೇ ಜಗಳ. ಆದ್ದರಿಂದ ಪರಿಹಾರಗಳೂ ಎರಡೇ ಬಗೆಯವು: ಗಾಳಿಯನ್ನು ಪೂರ್ತಿ ಹೊರಗಿಡುವುದು, ಇಲ್ಲವೇ ಅದಕ್ಕೆ ಪ್ರತ್ಯೇಕ ದಾರಿ ಕೊಡುವುದು. ಪೈಪಿನ ಬಾಯಿಗೆ ಸ್ಪಾಂಜ್ ತುರುಕುವುದು, ಬಟ್ಟೆ ಸುತ್ತುವುದು ಇವೆರಡರಲ್ಲಿ ಯಾವುದೂ ಅಲ್ಲ, ಮೇಲಾಗಿ ಅಪಾಯಕಾರಿ. ಸ್ಪಾಂಜ್ ಕಟ್ಟಿಕೊಂಡ ದಿನ ನೀರು ತೊಟ್ಟಿಯ ಅಂಚು ದಾಟುತ್ತದೆ, ಕೆಳಗಿನ ಮನೆಯ ಸೀಲಿಂಗಿಗೆ ಇಳಿಯುತ್ತದೆ. ಆಮೇಲೆ ಸೊಸೈಟಿಯ ಮುಂದೆ ಉತ್ತರ ಹೇಳಬೇಕಾದವರು ನೀವು.

ಉಪಕರಣ ಹಿಡಿಯುವ ಮೊದಲು

ರಾತ್ರಿ ಫ್ಯಾನ್ ಆರಿಸಿ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಮೊದಲ ಪ್ರಶ್ನೆ, ಸದ್ದು ಬರುವುದು ಮೇಲಿನಿಂದಲೋ ಕೆಳಗಿನಿಂದಲೋ? ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿದಾಗ ಅದು ಅಷ್ಟೇ ಇದ್ದರೆ ಮೂಲ ಮೇಲಿದೆ, ತಗ್ಗಿದರೆ ಸಂಪ್‌ನಲ್ಲಿದೆ. ಎರಡನೆಯದು, ಸದ್ದು ಒಂದೇ ಸಮನೆ ಇದೆಯೋ, ಬಂದು ಹೋಗಿ ಮಾಡುತ್ತದೆಯೋ? ಬಂದು ಹೋಗುತ್ತಿದ್ದರೆ ಅದೇ ಹೊತ್ತಿಗೆ ಪೆಟ್ಟಿಗೆಯೊಳಗಿನ ನೀರಿನ ಮಟ್ಟ ಏರಿಳಿಯುತ್ತಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಸದ್ದು ತೊಟ್ಟಿ ಕೂರಿಸಿದ ದಿನದಿಂದಲೂ ಇದೆಯೋ, ತಿಂಗಳುಗಟ್ಟಲೆ ಶಾಂತವಾಗಿದ್ದು ಆಮೇಲೆ ಶುರುವಾಯಿತೋ? ಮೊದಲ ದಿನದಿಂದ ಇದ್ದರೆ ಜೋಡಣೆಯ ದೋಷ. ನಡುವೆ ಬಂದದ್ದಾದರೆ ಏನೋ ಬದಲಾಗಿದೆ: ಪಾಚಿ, ಬಸವನಹುಳು, ಹೊಸ ಪಂಪ್, ಸಂಪ್‌ನ ನೀರಿನ ಮಟ್ಟ. ನಡುವೆ ಬಂದ ಸದ್ದಿಗೆ ಪೈಪ್ ಕತ್ತರಿಸಲು ಹೋಗಬೇಡಿ, ಬದಲಾದದ್ದನ್ನು ಹುಡುಕಿ.

ಈಗ ನೀರಿನ ಹರಿವನ್ನು ಅಳೆಯಿರಿ. ಪಂಪಿನ ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ, ಅದು ನೀರನ್ನು ಎತ್ತರಕ್ಕೆ ಏರಿಸದೆ ಅಳೆದದ್ದು. 10 ಲೀಟರಿನ ಬಕೆಟನ್ನು ಇಳಿಯುವ ಪೈಪಿನ ತುದಿಗೆ ಹಿಡಿದು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ನೋಡಿ, 36,000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. 36 ಸೆಕೆಂಡ್ ಹಿಡಿದರೆ ಸಾವಿರ ಲೀಟರ್, 20 ಸೆಕೆಂಡ್ ಹಿಡಿದರೆ 1,800 ಲೀಟರ್. ಒಂದಿಂಚಿನ ಒಂಟಿ ಪೈಪ್, ಗಾಳಿ ಮತ್ತು ನೀರು ಎರಡನ್ನೂ ಹೊತ್ತು, ಗಂಟೆಗೆ ಸಾವಿರ ಲೀಟರಿನ ಆಸುಪಾಸಿನವರೆಗೆ ಶಾಂತವಾಗಿರುವುದನ್ನು ನೋಡಿದ್ದೇನೆ. ಅದರ ಮೇಲೆ ಹೋದಷ್ಟೂ ಜಗಳ ಹೆಚ್ಚು. ನಮ್ಮಲ್ಲಿ ದೊಡ್ಡ ಪಂಪ್ ಹಾಕಿದರೆ ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ. ಇನ್ನೂರು ಲೀಟರಿನ ಸಿಹಿನೀರಿನ ತೊಟ್ಟಿಗೆ ಗಂಟೆಗೆ ಸಾವಿರ ಲೀಟರ್ ಧಾರಾಳ ಸಾಕು. ಎಷ್ಟೋ ಮನೆಗಳಲ್ಲಿ ಪಂಪಿನ ಹರಿವನ್ನು ತಗ್ಗಿಸಿದ ಕೂಡಲೇ ಸದ್ದು ಮುಗಿದಿದೆ, ಒಂದು ರೂಪಾಯಿಯೂ ಖರ್ಚಾಗಿಲ್ಲ.

ಧುಮುಕುವ ಸದ್ದು

ಜಲಪಾತದಂತೆ ಒಂದೇ ಸಮನೆ ಕೇಳಿಸಿದರೆ, ಪೆಟ್ಟಿಗೆಯೊಳಗಿನ ನೀರು ತೀರಾ ಕೆಳಗಿದೆ. ಹಲ್ಲುಗಳಿಂದ ಬಿದ್ದ ನೀರು ಒಂದಡಿ ಕೆಳಗೆ ಅಪ್ಪಳಿಸುತ್ತಿದೆ. ಪೆಟ್ಟಿಗೆಯ ಪೈಪನ್ನು ಎತ್ತರಿಸಿ, ಒಳಗಿನ ಮಟ್ಟವು ತೊಟ್ಟಿಯ ಮಟ್ಟಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಮಾತ್ರ ಕೆಳಗಿರುವಂತೆ ಮಾಡಿ. ಇಷ್ಟೇ.

ಹೀರುವ ಸದ್ದು ಮತ್ತು ಗೊಳಗೊಳ

ಪೆಟ್ಟಿಗೆಯೊಳಗೆ ಮೇಲ್ಬಾಯಿ ತೆರೆದ ನೇರ ಪೈಪೊಂದೇ ನಿಂತಿದ್ದರೆ ಅದರ ಬಾಯಲ್ಲಿ ಸುಳಿ ಏಳುತ್ತದೆ, ಸುಳಿಯ ನಡುವಿನಿಂದ ಗಾಳಿ ಸೊರಸೊರ ಎಂದು ಒಳಹೋಗುತ್ತದೆ. ಇದಕ್ಕೆ ಡರ್ಸೊ ಪೈಪ್ ಎಂಬ ಹಳೆಯ, ಒಳ್ಳೆಯ ಉಪಾಯವಿದೆ. ಪೈಪಿನ ತಲೆಗೆ ಒಂದು ಟೀ, ಅಂದರೆ ಮೂರು ಬಾಯಿಯ ಜೋಡಣೆಯ ತುಂಡು, ಜೋಡಿಸಿ. ಅದರ ಅಡ್ಡ ಬಾಯಿಗೆ ಕೆಳಮುಖವಾಗಿ ಎಲ್ಬೋ, ಅಂದರೆ ಬಾಗಿದ ತುಂಡು, ಹಾಕಿ, ನೀರು ಮೇಲ್ಮೈಯಿಂದಲ್ಲದೆ ಕೆಳಗಿನಿಂದ ಒಳಹೋಗುವಂತೆ ಮಾಡಿ. ಟೀಯ ಮೇಲ್ಬಾಯಿಗೆ ಮುಚ್ಚಳ ಹಾಕಿ ಅದರಲ್ಲಿ ಸಣ್ಣ ತೂತು ಕೊರೆಯಿರಿ. ನೀರಿಗೆ ಒಂದು ಬಾಗಿಲು, ಗಾಳಿಗೆ ಇನ್ನೊಂದು.

ಗೆಲುವು ಸೋಲು ಇರುವುದು ಆ ತೂತಿನ ಅಳತೆಯಲ್ಲಿ. 2 ಮಿಲಿಮೀಟರಿನಿಂದ ಆರಂಭಿಸಿ. ಕೊರೆಯುವಾಗ ಮುಚ್ಚಳವನ್ನು ತೊಟ್ಟಿಯಿಂದ ದೂರ ತನ್ನಿ, ಪ್ಲಾಸ್ಟಿಕ್ ಪುಡಿ ನೀರಿಗೆ ಬೀಳಬಾರದು. ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಿರಿ. ಹೀರುವ ಸದ್ದು ಬಂದರೆ ಗಾಳಿ ಹೆಚ್ಚಾಗಿದೆ. ಮಟ್ಟ ಏರುತ್ತಾ ಹೋಗಿ ಒಮ್ಮೆಲೇ ಕುಸಿದರೆ ಗಾಳಿ ಕಡಿಮೆಯಾಗಿದೆ. ಮತ್ತೆ ಮತ್ತೆ ಕೊರೆಯುವುದಕ್ಕಿಂತ, ಮುಚ್ಚಳದಲ್ಲಿ ಏರ್ ಪಂಪಿನ ನಳಿಕೆ ಹೊಗುವಷ್ಟು ತೂತು ಮಾಡಿ, ನಳಿಕೆಯ ತುದಿಗೆ ಗಾಳಿ ಹೊಂದಿಸುವ ಪುಟ್ಟ ಪ್ಲಾಸ್ಟಿಕ್ ವಾಲ್ವ್ ಸಿಕ್ಕಿಸುವುದು ಜಾಣತನ. ಕುರ್ಲಾದ ಮೀನಿನ ಅಂಗಡಿಗಳಲ್ಲೂ ಕ್ರಾಫರ್ಡ್ ಮಾರ್ಕೆಟ್ಟಿನಲ್ಲೂ ಅದು ಪುಡಿಗಾಸಿಗೆ ಸಿಗುತ್ತದೆ. ಅದನ್ನು ತಿರುಗಿಸುತ್ತಾ ಬಂದರೆ ಒಂದು ಹಂತದಲ್ಲಿ ಗೊಳಗೊಳ ತಟ್ಟನೆ ನಿಲ್ಲುತ್ತದೆ. ಆ ಜಾಗದ ಎರಡೂ ಬದಿಗೆ ಕೂದಲೆಳೆಯಷ್ಟು ತಿರುಗಿಸಿ ನೋಡಿ, ನಡುವಿನಲ್ಲಿ ಬಿಡಿ.

ಸಮುದ್ರದ ನೀರಿನ ತೊಟ್ಟಿಯಾದರೆ ಈ ತೂತಿನ ಸುತ್ತ ಉಪ್ಪು ಕಟ್ಟುತ್ತದೆ, ವಾರಕ್ಕೊಮ್ಮೆ ಒರೆಸಬೇಕು. ಸಿಹಿನೀರಿನಲ್ಲಿ ಆ ಕಾಟ ಕಡಿಮೆ. ಭಾತ್ಸಾ, ತಾನ್ಸಾ, ವೈತರಣಾ ಕಡೆಯಿಂದ ಮುಂಬಯಿ ನಲ್ಲಿಗೆ ಬರುವ ನೀರು ಮೃದು. ಆದರೆ ನಿಮ್ಮ ಕಟ್ಟಡ ಬೋರ್‌ವೆಲ್ ನೀರನ್ನೋ ಟ್ಯಾಂಕರ್ ನೀರನ್ನೋ ಬೆರೆಸುತ್ತಿದ್ದರೆ ಬಿಳಿ ಸುಣ್ಣದ ಪದರ ತೂತನ್ನು ನಿಧಾನಕ್ಕೆ ಮುಚ್ಚುತ್ತದೆ. ಒಂದು ಸೂಜಿ ಸಾಕು.

ಟಾಯ್ಲೆಟ್ ಫ್ಲಶ್‌ನಂತೆ ಬಂದು ಹೋಗುವ ಸದ್ದು

ಹೆಚ್ಚು ನಿದ್ದೆಗೆಡಿಸುವುದು ಇದೇ. ಸ್ವಲ್ಪ ಹೊತ್ತು ಮೌನ, ಆಮೇಲೆ ಧೋ ಎಂಬ ಓಟ, ಕೊನೆಗೆ ಸೊರ್ರೆಂದು ಹೀರಿ ಮತ್ತೆ ಮೌನ. ಪೆಟ್ಟಿಗೆಯೊಳಗೆ ನೀರು ಏರಿ ಪೈಪ್ ಪೂರ್ತಿ ತುಂಬಿದಾಗ ಸೈಫನ್, ಅಂದರೆ ಗಾಳಿಯಿಲ್ಲದೆ ನೀರೇ ನೀರನ್ನು ಸೆಳೆದುಕೊಂಡು ಹೋಗುವ ಹರಿವು, ಹುಟ್ಟುತ್ತದೆ. ಒಂದಿಂಚಿನ ಪೈಪ್ ಸೈಫನ್ ಆದಾಗ ಸಾಗಿಸುವ ನೀರು ಗಾಳಿಯೊಂದಿಗೆ ಸಾಗಿಸುವುದರ ಮೂರು ನಾಲ್ಕು ಪಟ್ಟು. ಪಂಪ್ ಅಷ್ಟನ್ನು ಒದಗಿಸದ ಕಾರಣ ಪೆಟ್ಟಿಗೆ ಕ್ಷಣದಲ್ಲಿ ಬರಿದಾಗಿ, ಗಾಳಿ ನುಗ್ಗಿ, ಸೈಫನ್ ಮುರಿಯುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಮುರಿಯುತ್ತದೆ.

ಡರ್ಸೊ ಪೈಪಿನ ಮುಚ್ಚಳವನ್ನು ಪೂರ್ತಿ ತೆಗೆದು ನೋಡಿ. ಏರಿಳಿತ ನಿಂತು ಬರಿಯ ಗೊಳಗೊಳ ಉಳಿದರೆ ತೂತು ಸಣ್ಣದಾಗಿತ್ತು, ದೊಡ್ಡದು ಮಾಡಿ. ಮುಚ್ಚಳ ತೆಗೆದರೂ ಏರಿಳಿತ ನಿಲ್ಲದಿದ್ದರೆ ಪೈಪಿನ ಶಕ್ತಿಗೆ ಮೀರಿದ ನೀರು ಬರುತ್ತಿದೆ, ಇಲ್ಲವೇ ಕೆಳಗೆಲ್ಲೋ ಗಾಳಿ ಸಿಕ್ಕಿಕೊಂಡಿದೆ. ಕೆಳಗಿನದನ್ನು ಮೊದಲು ನೋಡಿ. ಅಂಗಡಿಯವರು ಬಳಸುವ ಸುರುಳಿ ಪೈಪ್ ಕ್ಯಾಬಿನೆಟ್ಟಿನೊಳಗೆ ಹೂವಿನ ಹಾರದಂತೆ ಇಳಿಬಿದ್ದು ಮೇಲೆದ್ದಿದ್ದರೆ, ಆ ತಗ್ಗಿನಲ್ಲಿ ನೀರು ನಿಂತು ಅದರ ಹಿಂದೆ ಗಾಳಿ ಕಟ್ಟುತ್ತದೆ. ಅದು ಒತ್ತಡ ಸೇರಿಸಿಕೊಂಡು ತೇಗಿದಂತೆಲ್ಲ ಮೇಲಿನ ಮಟ್ಟ ಕುಣಿಯುತ್ತದೆ. ಪೈಪ್ ಮೇಲಿನಿಂದ ಕೆಳಗಿನವರೆಗೆ ಎಲ್ಲೂ ಏರದೆ ಇಳಿಯುತ್ತಲೇ ಹೋಗಬೇಕು. ಒಂದು 90 ಡಿಗ್ರಿ ಎಲ್ಬೋ ಇರುವಲ್ಲಿ ಎರಡು 45 ಡಿಗ್ರಿಯವನ್ನು ಹಾಕಿ. ನಾನು ಬದಲಿಸಿದ ಪೈಪುಗಳಲ್ಲಿ ಬಹುಪಾಲು ಇಂಥ ಸುರುಳಿ ಪೈಪುಗಳೇ.

ಸಂಪ್‌ನ ಗುಳ್ಳೆಗಳು

ಇಳಿಯುವ ಪೈಪಿನ ತುದಿ ಸಂಪ್‌ನ ನೀರಿಗಿಂತ ಮೇಲಿದ್ದರೆ ಚಟಪಟ ಸದ್ದು. ತೀರಾ ಆಳಕ್ಕೆ ಇಳಿದಿದ್ದರೆ ನೀರಿನೊಂದಿಗೆ ಬಂದ ಗಾಳಿ ಹೊರಬರಲಾರದೆ ಡಬ್ ಡಬ್ ಎಂದು ಗುಂಪಾಗಿ ಸಿಡಿಯುತ್ತದೆ. ತುದಿ ನೀರಿನ ಮಟ್ಟದಿಂದ ಎರಡು ಸೆಂಟಿಮೀಟರ್ ಕೆಳಗಿರಲಿ, ಓರೆಯಾಗಿ ಕತ್ತರಿಸಿದ್ದರೆ ಇನ್ನೂ ಒಳ್ಳೆಯದು. ಅಷ್ಟಾದರೂ ಗುಳ್ಳೆ ನಿಲ್ಲದಿದ್ದರೆ, ಸಂಪ್‌ನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಪೈಪಿಗೆ ಟೀ ಹಾಕಿ, ಅದರಿಂದ ಮೇಲ್ಮುಖವಾಗಿ ತೆರೆದ ತುಂಡು ಪೈಪನ್ನು ನಿಲ್ಲಿಸಿ. ಗಾಳಿ ಅಲ್ಲಿಂದ ಹೊರಹೋಗುತ್ತದೆ, ನೀರು ಕೆಳಗೆ ಹೋಗುತ್ತದೆ.

ಮುಲುಂಡ್‌ನಲ್ಲಿ ಒಬ್ಬ ಪರಿಚಿತರ ಮನೆಯ ಮೂರಡಿ ತೊಟ್ಟಿ ನನಗೆ ಈ ಭಾಗವನ್ನು ಚೆನ್ನಾಗಿ ಕಲಿಸಿತು. ಏಂಜಲ್ ಮೀನುಗಳು, ಎರಡಡಿಯ ಸಂಪ್, ಏಳನೆಯ ಮಹಡಿ. ಭಾನುವಾರ ಸದ್ದೇ ಇಲ್ಲ, ಬುಧವಾರದ ಹೊತ್ತಿಗೆ ಚಟಪಟ ಆರಂಭ, ಶನಿವಾರ ರಾತ್ರಿ ಮನೆಯವರಿಗೆ ನಿದ್ದೆಯಿಲ್ಲ. ಇಂಥ ವಾರದ ಲಯ ಕಂಡರೆ ಪೈಪನ್ನು ಬಿಟ್ಟು ಮನೆಯವರ ದಿನಚರಿಯನ್ನು ಕೇಳಬೇಕು. ಅವರು ನೀರು ಬದಲಿಸುತ್ತಿದ್ದುದು ಭಾನುವಾರ ಬೆಳಿಗ್ಗೆ. ನೀರು ಆವಿಯಾದಂತೆ ತೊಟ್ಟಿಯ ಮಟ್ಟ ಇಳಿಯುವುದಿಲ್ಲ, ಕಳೆದದ್ದೆಲ್ಲ ಸಂಪ್‌ನಲ್ಲಿ ಕಾಣುತ್ತದೆ. ಅವರ ಸಂಪ್‌ನ ಅಡ್ಡಗಾಜುಗಳ ಕೆಳಗೆ ಸಂದು ಬಿಟ್ಟಿದ್ದರಿಂದ ಪೈಪ್ ಬೀಳುವ ಕೋಣೆಯೂ ಪಂಪಿನ ಕೋಣೆಯೂ ಒಂದೇ ಮಟ್ಟದಲ್ಲಿದ್ದವು. 60 ಸೆಂಟಿಮೀಟರ್ ಉದ್ದ, 30 ಅಗಲದ ಸಂಪ್‌ನಲ್ಲಿ ಒಂದು ಸೆಂಟಿಮೀಟರ್ ಎಂದರೆ 1.8 ಲೀಟರ್. ಮೇ ತಿಂಗಳಲ್ಲಿ, ಫ್ಯಾನಿನ ಕೆಳಗೆ, ಅಷ್ಟು ಆವಿಯಾಗಲು ಹೆಚ್ಚು ದಿನ ಬೇಕಿಲ್ಲ. ಬುಧವಾರಕ್ಕೆ ಪೈಪಿನ ತುದಿ ನೀರಿನಿಂದ ಹೊರಬರುತ್ತಿತ್ತು.

ನಾನು ಹೋಗುವ ಮೊದಲೇ ಬಂದಿದ್ದ ಪ್ಲಂಬರ್ ಈ ಚಟಪಟ ನಿಲ್ಲಿಸಲೆಂದು ಪೈಪನ್ನು ಸಂಪ್‌ನ ತಳದವರೆಗೆ ಉದ್ದ ಮಾಡಿ ಹೋಗಿದ್ದ. ಆಗ ಚಟಪಟ ಹೋಗಿ ಡಬ್ ಡಬ್ ಬಂದಿತ್ತು, ಅದೂ ವಾರವಿಡೀ. ನಾವು ಪೈಪನ್ನು ಮತ್ತೆ ಮೊದಲಿನ ಉದ್ದಕ್ಕೆ ಕತ್ತರಿಸಿದೆವು. ಎತ್ತರದ ಪ್ಲಾಸ್ಟಿಕ್ ಡಬ್ಬವೊಂದನ್ನು ಕಲ್ಲು ಹಾಕಿ ಸಂಪ್‌ನಲ್ಲಿ ಕೂರಿಸಿ, ಪೈಪಿನ ತುದಿ ಅದರೊಳಗೆ ಎರಡು ಸೆಂಟಿಮೀಟರ್ ಮುಳುಗುವಂತೆ ಇಟ್ಟೆವು. ಸಂಪ್‌ನ ಮಟ್ಟ ಎಷ್ಟೇ ಇಳಿಯಲಿ, ಡಬ್ಬ ಅಂಚಿನವರೆಗೆ ತುಂಬಿಯೇ ಇರುತ್ತದೆ. ಅಂಚಿನಿಂದ ನೀರು ಸದ್ದು ಮಾಡದೆ ಇಳಿಯಲೆಂದು ಒರಟು ಸ್ಪಾಂಜಿನ ಹಾಳೆಯೊಂದನ್ನು ಹೊರಬದಿಗೆ ಇಳಿಬಿಟ್ಟೆವು. ಆ ರಾತ್ರಿಯಿಂದ ಸದ್ದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದು ಗಾಳಿಯಲ್ಲಿ ತೇವ ತುಂಬಿದಾಗ ಆವಿಯಾಗುವುದು ತಾನಾಗಿಯೇ ಕಡಿಮೆಯಾಗುತ್ತದೆ, ಈ ಬಗೆಯ ಸದ್ದೂ ಅಡಗುತ್ತದೆ. ದೋಷ ಹೋಯಿತೆಂದು ಸುಮ್ಮನಿದ್ದರೆ ಅಕ್ಟೋಬರ್ ಸೆಕೆಗೆ ಅದು ಮರಳಿ ಬರುತ್ತದೆ.

ಗುಂಯ್‌ಗುಡುವಿಕೆ

ಇದು ನೀರಿನದಲ್ಲ, ಪಂಪಿನದು. ಪಂಪನ್ನು ಕೈಯಿಂದ ಸ್ವಲ್ಪ ಎತ್ತಿ ಹಿಡಿದಾಗ ಸದ್ದು ನಿಂತರೆ ಅದರ ಅಡಿಗೆ ಸ್ಪಾಂಜ್ ಇಡಿ. ಮೇಲೇರುವ ಪೈಪ್ ಪ್ಲೈವುಡ್‌ನ ತೂತಿಗೆ ತಾಗುತ್ತಿದ್ದರೆ ನಡುವೆ ರಬ್ಬರ್ ಹಾಕಿ, ಪಂಪಿನ ಬಾಯಿಗೆ ಗಟ್ಟಿ ಪೈಪಿನ ಬದಲು ಒಂದು ಗೇಣು ಮೆತ್ತನೆಯ ಸಿಲಿಕೋನ್ ಪೈಪ್ ಕೊಡಿ. ಕಟಕಟ ಎನ್ನುತ್ತಿದ್ದರೆ ಪಂಪಿನೊಳಗೆ ತಿರುಗುವ ಚಕ್ರವಾದ ಇಂಪೆಲರ್‌ನಲ್ಲಿ ಮರಳು ಸಿಕ್ಕಿದೆ ಅಥವಾ ಅದು ಸವೆದಿದೆ.

ಎರಡು ತೂತುಗಳಿದ್ದರೆ

ಇಷ್ಟೆಲ್ಲ ಮಾಡಿಯೂ ಪೂರ್ತಿ ಮೌನ ಬೇಕೆಂದರೆ ಗಾಳಿಯನ್ನು ಹೊರಗಿಡುವ ದಾರಿಗೇ ಹೋಗಬೇಕು. ಹರ್ಬಿ ಎಂದು ಕರೆಯುವ ಪದ್ಧತಿಯಲ್ಲಿ ಪೆಟ್ಟಿಗೆಯೊಳಗೆ ಎರಡು ಪೈಪುಗಳಿರುತ್ತವೆ. ಗಿಡ್ಡನೆಯದು ಸದಾ ತುಂಬಿ ಸೈಫನ್ ಆಗಿ ಹರಿಯುತ್ತದೆ, ಅದರ ಕೆಳತುದಿಯಲ್ಲಿ ವಾಲ್ವ್ ಇರುತ್ತದೆ. ಎತ್ತರದ್ದು ತುರ್ತಿಗೆ, ಅದರ ದಾರಿಯಲ್ಲಿ ಯಾವ ಅಡ್ಡಿಯೂ ಇರುವುದಿಲ್ಲ. ಮೂರು ಪೈಪಿನ ಬೀನ್ ಅನಿಮಲ್ ಪದ್ಧತಿ ಇನ್ನೂ ಸುರಕ್ಷಿತ, ಆದರೆ ನಮ್ಮ ಅಳತೆಯ ತೊಟ್ಟಿಗಳಿಗೆ ಹರ್ಬಿ ಸಾಕು.

ನಿಮ್ಮ ತೊಟ್ಟಿಗೆ ಅಂಗಡಿಯಲ್ಲೇ ಎರಡು ತೂತು ಕೊರೆದಿರಬಹುದು, ಒಂದು ಇಳಿಯಲು, ಒಂದು ಪಂಪಿನ ನೀರು ಏರಲು. ಏರುವ ಪೈಪನ್ನು ತೊಟ್ಟಿಯ ಹಿಂಬದಿಯಿಂದ ಅಂಚಿನ ಮೇಲೆ ತಂದರೆ ಆ ತೂತು ತುರ್ತು ಪೈಪಿಗೆ ಒದಗುತ್ತದೆ. ಒಂದೇ ತೂತಿನ ತೊಟ್ಟಿಗೆ ಮಾತ್ರ ವಾಲ್ವ್ ಹಾಕಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಒಂದು ಎಲೆ ಬಂದು ಸಿಕ್ಕಿಕೊಂಡರೆ ನೀರಿಗೆ ಬೇರೆ ದಾರಿಯೇ ಇರುವುದಿಲ್ಲ.

ವಾಲ್ವ್ ಎಂದರೆ ಹಲವು ಸುತ್ತು ತಿರುಗಿಸಿ ಸ್ವಲ್ಪಸ್ವಲ್ಪವೇ ಮುಚ್ಚುವ ಗೇಟ್ ವಾಲ್ವ್. ಬಾಲ್ ವಾಲ್ವ್ ಕಾಲು ಸುತ್ತಿನಲ್ಲಿ ಪೂರ್ತಿ ಮುಚ್ಚುತ್ತದೆ, ಅಷ್ಟರಲ್ಲಿ ಸೂಕ್ಷ್ಮವಾಗಿ ಹೊಂದಿಸುವುದು ಕಷ್ಟ. ಬೀದಿ ಬದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಗೇಟ್ ವಾಲ್ವ್ ಹಿತ್ತಾಳೆಯದು. ಅದರಲ್ಲಿ ತಾಮ್ರವಿದೆ, ಸೀಗಡಿ ಮತ್ತು ಬಸವನಹುಳುಗಳಿಗೆ ತಾಮ್ರ ವಿಷ, ಆದ್ದರಿಂದ ಬೇಡ. ಪ್ಲಾಸ್ಟಿಕ್ಕಿನದನ್ನೇ ಹುಡುಕಿ, ಮಸ್ಜಿದ್ ಬಂದರ್ ಬಳಿಯ ನಾಗದೇವಿ ಬೀದಿಯ ಕಡೆ ವಿಚಾರಿಸಿ. ಹೋಗುವಾಗ ನಿಮ್ಮ ಪೈಪಿನ ಒಂದು ತುಂಡು ಜೇಬಿನಲ್ಲಿರಲಿ. ಒಂದಿಂಚು ಎಂದು ಬಾಯಲ್ಲಿ ಹೇಳಿದರೆ ಮೂರು ಬಗೆಯದು ಕೈಗೆ ಬರಬಹುದು: ಇಂಚಿನ ಲೆಕ್ಕದ ಯುಪಿವಿಸಿಯ ಹೊರ ವ್ಯಾಸ 33.4 ಮಿಲಿಮೀಟರ್, ಕೃಷಿ ಪೈಪಿನದು 32, ಸಿಪಿವಿಸಿಯದು 28.6. ಮೊದಲ ಎರಡು ನೋಡಲು ಒಂದೇ, ಆದರೆ ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವುದಿಲ್ಲ. ಅಂಟು ಸುರಿದು ಕೂರಿಸಿದ ಜಾಗ ಮುಂದೊಂದು ದಿನ ಸೋರುತ್ತದೆ. ವಾಲ್ವ್‌ನ ಪಕ್ಕದಲ್ಲೇ ಬಿಚ್ಚಲು ಬರುವ ಒಂದು ಯೂನಿಯನ್ನನ್ನೂ ಹಾಕಿಸಿ.

ಹೊಂದಿಸುವಾಗ ಆತುರ ಬೇಡ. ವಾಲ್ವ್ ಪೂರ್ತಿ ತೆರೆದು ಪಂಪ್ ಹಾಕಿ. ಸಂಪ್‌ನಲ್ಲಿ ಮೊದಲು ಭರಭರ ಗುಳ್ಳೆ ಬರುತ್ತದೆ, ಆಮೇಲೆ ಪೈಪಿನ ಗಾಳಿ ಖಾಲಿಯಾಗಿ ಗುಳ್ಳೆ ನಿಲ್ಲುತ್ತದೆ. ಈಗ ಕಾಲು ಸುತ್ತು ಮುಚ್ಚಿ ಕಾಯಿರಿ, ಪೆಟ್ಟಿಗೆಯ ಮಟ್ಟ ಹೊಸ ಜಾಗದಲ್ಲಿ ನೆಲೆಯಾಗಲು ಕೆಲವು ನಿಮಿಷ ಬೇಕು. ಮಟ್ಟ ಇಳಿಯುತ್ತಿದ್ದರೆ ಇನ್ನಷ್ಟು ಮುಚ್ಚಿ, ಏರುತ್ತಿದ್ದರೆ ತುಸು ತೆರೆಯಿರಿ. ಕೊನೆಗೆ ನೀರು ತುರ್ತು ಪೈಪಿನ ಬಾಯಿಗೆ ಬಂದು, ಒಂದು ತೆಳುವಾದ ಪೊರೆ ಮಾತ್ರ ಅದರೊಳಗೆ ಜಾರುತ್ತಿರಬೇಕು. ಆ ಹನಿಯಷ್ಟು ನೀರು ಪೈಪಿನ ಒಳಗೋಡೆಗಂಟಿ ಇಳಿಯುವುದರಿಂದ ಸದ್ದು ಮಾಡುವುದಿಲ್ಲ, ಪಂಪಿನ ಹರಿವು ಸ್ವಲ್ಪ ಹೆಚ್ಚು ಕಡಿಮೆಯಾದರೂ ಅದೇ ಸರಿದೂಗಿಸುತ್ತದೆ. ವಾಲ್ವಿನ ಹಿಡಿಯ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ. ಆಮೇಲೆ ಎಲ್ಲ ದೀಪ, ಫ್ಯಾನ್ ಆರಿಸಿ ಕೇಳಿ. ಮೊದಲ ಸಲ ಇದನ್ನು ಕೇಳಿದವರು ಪಂಪ್ ನಿಂತಿದೆಯೇನೋ ಎಂದು ಬಾಗಿಲು ತೆರೆದು ನೋಡುತ್ತಾರೆ.

ಮಲಗುವ ಮುಂಚಿನ ಪರೀಕ್ಷೆಗಳು

ಸದ್ದು ನಿಂತ ಸಂತೋಷದಲ್ಲಿ ಇವುಗಳನ್ನು ಬಿಡಬೇಡಿ. ಪಂಪಿನ ಸ್ವಿಚ್ ಆರಿಸಿ, ಸಂಪ್ ಉಕ್ಕುತ್ತದೆಯೇ ನೋಡಿ. ಏರುವ ಪೈಪಿನ ಬಾಯಿ ತೊಟ್ಟಿಯ ನೀರಿನಲ್ಲಿ ಎಷ್ಟು ಮುಳುಗಿದೆಯೋ ಅಷ್ಟು ನೀರು ಹಿಮ್ಮುಖವಾಗಿ ಕೆಳಗಿಳಿಯುತ್ತದೆ. 120 ಸೆಂಟಿಮೀಟರ್ ಉದ್ದ, 45 ಅಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಎಂದರೆ 5.4 ಲೀಟರ್, ಐದು ಸೆಂಟಿಮೀಟರ್ ಮುಳುಗಿದ್ದರೆ 27 ಲೀಟರ್. ಸಂಪ್‌ನಲ್ಲಿ ಅಷ್ಟು ಜಾಗ ಖಾಲಿ ಇರಬೇಕು, ಇಲ್ಲದಿದ್ದರೆ ಪೈಪಿನ ಬಾಯಿಯನ್ನು ಮೇಲ್ಮೈಗೆ ಎತ್ತರಿಸಿ. ಸೈಫನ್ ಮುರಿಯಲು ಕೊರೆಯುವ ಕಿರುತೂತನ್ನು ಮಾತ್ರ ನೆಚ್ಚಬೇಡಿ, ಪಾಚಿ ಅದನ್ನು ಮುಚ್ಚುತ್ತದೆ. ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವನ್ನೂ ನೆಚ್ಚಬೇಡಿ, ಒಂದು ಕಸ ಸಿಕ್ಕಿದರೂ ಅದು ಪೂರ್ತಿ ಮುಚ್ಚುವುದಿಲ್ಲ.

ಮತ್ತೆ ಪಂಪ್ ಹಾಕಿ, ನೀವು ಏನೂ ಮುಟ್ಟದೆ ಸೈಫನ್ ತಾನಾಗಿಯೇ ಶುರುವಾಗುತ್ತದೆಯೇ ನೋಡಿ. ರಾತ್ರಿ ಕರೆಂಟ್ ಹೋಗಿ ಬಂದಾಗ ನೀವು ಎದ್ದಿರುವುದಿಲ್ಲ. ಕೆಳತುದಿ ಹೆಚ್ಚು ಆಳದಲ್ಲಿದ್ದರೆ ಪೈಪಿನ ಗಾಳಿ ಹೊರಬರಲಾರದು, ಸೈಫನ್ ಹಿಡಿಯುವುದಿಲ್ಲ. ಆಮೇಲೆ ಮುಖ್ಯ ಪೈಪಿನ ವಾಲ್ವನ್ನು ಬೇಕೆಂದೇ ಮುಚ್ಚಿ, ತುರ್ತು ಪೈಪ್ ಒಂದೇ ಎಲ್ಲ ನೀರನ್ನೂ ಹೊರುತ್ತದೆಯೇ ನೋಡಿ. ಆಗ ಅದು ಜೋರಾಗಿ ಸದ್ದು ಮಾಡುತ್ತದೆ, ಮಾಡಲಿ, ಮುಖ್ಯ ಪೈಪ್ ಕಟ್ಟಿದೆ ಎಂದು ನಿಮಗೆ ತಿಳಿಸುವುದು ಆ ಸದ್ದೇ. ಅದೂ ಕಟ್ಟಿದರೆ ಎಂದು ಕೇಳುವವರಿಗೆ ಒಂದು ಲೆಕ್ಕ: ಪಂಪಿನ ಕೋಣೆಯಲ್ಲಿರುವ ನೀರೆಲ್ಲ ಮೇಲೆ ಹೋದರೂ ತೊಟ್ಟಿ ಉಕ್ಕಬಾರದು. ಅದೇ ತೊಟ್ಟಿಯ ಅಂಚಿಗೆ ಎರಡು ಸೆಂಟಿಮೀಟರ್ ಉಳಿದಿದ್ದರೆ ಹಿಡಿಯುವುದು ಸುಮಾರು 11 ಲೀಟರ್. ಪಂಪಿನ ಕೋಣೆಯಲ್ಲಿ 15 ಲೀಟರ್ ಇದ್ದರೆ ಮಿಕ್ಕ ನಾಲ್ಕು ನಿಮ್ಮ ನೆಲಕ್ಕೆ. ಆ ಕೋಣೆಯಲ್ಲಿ ನೀರು ಕಡಿಮೆ ಇಡಿ. ವಿದ್ಯುತ್ ತಂತಿಗಳು ಪ್ಲಗ್‌ಗಿಂತ ಕೆಳಗೆ ಬಾಗಿ ಮೇಲೇರಲಿ, ಮಳೆಗಾಲದಲ್ಲಿ ಕ್ಯಾಬಿನೆಟ್ಟಿನೊಳಗೆ ಬೆವರುವ ನೀರು ಸಾಕೆಟ್‌ಗೆ ಹರಿಯಬಾರದು.

ಹೊಸ ಪೈಪಿನ ಒಳಗೆ ಮೊದಲ ಕೆಲವು ವಾರಗಳಲ್ಲಿ ಲೋಳೆಯ ತೆಳುಪದರ ಬೆಳೆಯುತ್ತದೆ, ವಾಲ್ವನ್ನು ಒಂದೆರಡು ಸಲ ತುಸು ತೆರೆಯಬೇಕಾದೀತು. ಅದು ಸಹಜ. ಪ್ರತಿ ಸಲ ನೀರು ಬದಲಿಸುವಾಗ ವಾಲ್ವನ್ನು ಪೂರ್ತಿ ತೆರೆದು, ಸಿಕ್ಕಿದ ಕಸ ಕೊಚ್ಚಿಹೋದ ಮೇಲೆ ಗುರುತಿಗೆ ಮರಳಿಸಿ, ಹಲ್ಲುಗಳ ಪಾಚಿಯನ್ನು ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ. ಎಲ್ಲ ನೆಲೆಯಾದ ಮೇಲೆಯೂ ಮಟ್ಟ ಏರುತ್ತಾ, ವಾಲ್ವನ್ನು ಗುರುತಿನಿಂದ ಅರ್ಧ ಸುತ್ತಿಗಿಂತ ಹೆಚ್ಚು ತೆರೆಯಬೇಕಾಗಿ ಬಂದರೆ ಅಲ್ಲಿಗೆ ನಿಲ್ಲಿಸಿ. ಪಂಪ್ ಆರಿಸಿ, ಪೆಟ್ಟಿಗೆಯ ನೀರು ಇಳಿದ ಮೇಲೆ ಯೂನಿಯನ್ ಬಿಚ್ಚಿ ನೋಡಿ. ಹೆಚ್ಚಾಗಿ ವಾಲ್ವಿನ ಸಂದಿನಲ್ಲಿ ಅಡ್ಡಲಾಗಿ ಕೂತ ಒಂದು ಬಸವನಹುಳು ಸಿಗುತ್ತದೆ.